ಭದ್ರಾವತಿ: ಇಳಿದು ನೋಡಬೇಕಾದ ಊರು

ಬೆಂಗಳೂರಿನಿಂದ ಜೋಗ ನೋಡಲು ಹೊರಟವರು ಭದ್ರಾವತಿಯನ್ನು ಕಾಣುವುದು ರೈಲಿನ ಕಿಟಕಿಯಿಂದ. ಕಾರ್ಖಾನೆಯ ಚಿಮಣಿ, ಹಳೆಯ ಕ್ವಾರ್ಟರ್ಸ್‌ಗಳ ಸಾಲು, ಒಂದು ಹೊಳೆ. ಅಷ್ಟರಲ್ಲಿ ಶಿವಮೊಗ್ಗ ಬಂತೆಂದು ಬ್ಯಾಗು ಇಳಿಸಿಕೊಳ್ಳುತ್ತಾರೆ. 1965ರಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ಸುತ್ತಲಿನ ಜಿಲ್ಲೆಗಳ ಮನೆಮನೆಯಲ್ಲೂ ಭದ್ರಾವತಿಯ ಹೆಸರು ಕೇಳಿಬಂತು. ಆದರೂ ಹೆಸರು ಕೇಳಿದವರಷ್ಟು ಜನ ಈ ಊರಿನಲ್ಲಿ ಇಳಿದು ಉಳಿದಿಲ್ಲ. ಇಳಿಯಬೇಕು ಎನ್ನುವುದೇ ಈ ಲೇಖನದ ಮಾತು. ಜನ್ನಾಪುರದಲ್ಲೋ ಹಳೇನಗರದಲ್ಲೋ ಎರಡು ದಿನ ತಂಗಿದರೆ ಹೊಯ್ಸಳರ ಗುಡಿ, ತುಂಬಿದ ಜಲಾಶಯ, ಹುಲಿ ಸಂರಕ್ಷಿತ ಕಾಡು, ನದಿಗಳ ಸಂಗಮ, ಆನೆ ಬಿಡಾರ, ಜೊತೆಗೆ ಮಲೆನಾಡಿನ ಊಟ, ಎಲ್ಲವೂ ಒಂದೆರಡು ಗಂಟೆಯ ದಾರಿಯೊಳಗೇ ಸಿಗುತ್ತವೆ.

ಬೆಂಕಿಪುರದಿಂದ ಉಕ್ಕಿನ ನಗರಕ್ಕೆ

ಈ ಊರಿನ ಹಿಂದಿನ ಹೆಸರು ಬೆಂಕಿಪುರ. ಭದ್ರೆಯ ದಡದ ಈ ಸಣ್ಣ ಊರು ದೊಡ್ಡದಾದದ್ದು ಕಾರ್ಖಾನೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ, 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಸಿಗದ ಕಾರಣ ಮಲೆನಾಡಿನ ಕಟ್ಟಿಗೆಯನ್ನು ಇದ್ದಿಲಾಗಿಸಿ ಕುಲುಮೆಗೆ ಹಾಕುತ್ತಿದ್ದರು. ಇಂದು ನಾವು ವಿ.ಐ.ಎಸ್.ಎಲ್. ಎಂದು ಕರೆಯುವ ಸಂಸ್ಥೆ ಇದೇ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದಾಗ ಉಕ್ಕಿನ ಜೊತೆಗೆ ಕಾಗದವೂ ಸೇರಿಕೊಂಡಿತು. ಒಂದು ಕಡೆ ನ್ಯೂಟೌನ್, ಇನ್ನೊಂದು ಕಡೆ ಪೇಪರ್‌ಟೌನ್ ಬೆಳೆದವು. ಕನ್ನಡಿಗರ ಜೊತೆ ತಮಿಳರು, ತೆಲುಗರು, ಮಲಯಾಳಿಗಳು ಕೆಲಸ ಹುಡುಕಿ ಬಂದು ಇಲ್ಲೇ ಬೇರುಬಿಟ್ಟರು.

ಈಗ ಕಾಗದ ಕಾರ್ಖಾನೆ ನಿಂತುಹೋಗಿದೆ. ಉಕ್ಕಿನ ಕಾರ್ಖಾನೆಯ ಸದ್ದು ಕುಗ್ಗಿದೆ. ಪಾಳಿಯ ಹೊತ್ತಿಗೆ ಸೈಕಲ್ಲುಗಳಿಂದ ಕಿಕ್ಕಿರಿಯುತ್ತಿದ್ದ ರಸ್ತೆಗಳನ್ನು ನೆನೆಸಿಕೊಳ್ಳುವ ಹಿರಿಯರು ಜನ್ನಾಪುರದ ಓಣಿಗಳಲ್ಲಿ ಇನ್ನೂ ಇದ್ದಾರೆ. ಕಾರ್ಖಾನೆ ಉಳಿಯಬೇಕೆಂಬ ಅವರ ಬೇಡಿಕೆ ನ್ಯಾಯವಾದದ್ದು, ಅದು ಈಡೇರಲಿ. ಅದರ ಜೊತೆಗೇ ಊರು ತನ್ನ ಇನ್ನೊಂದು ಆಸ್ತಿಯತ್ತಲೂ ನೋಡಬೇಕು. ಆ ಆಸ್ತಿಯೇ ಭದ್ರೆ.

ಇದಕ್ಕೆ ಹೊರಗಿನದೊಂದು ಉದಾಹರಣೆ ಇದೆ. ಆಸ್ಟ್ರೇಲಿಯಾದ ಸಿಡ್ನಿಯಿಂದ ಉತ್ತರಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿರುವ ನ್ಯೂಕಾಸಲ್ ಕೂಡ ಉಕ್ಕಿನ ಊರೇ. ಅಲ್ಲಿನ ಬಿ.ಎಚ್.ಪಿ. ಕಾರ್ಖಾನೆ 1915ರಲ್ಲಿ ಶುರುವಾಗಿ 1999ರಲ್ಲಿ ಮುಚ್ಚಿತು. ಊರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಆದರೆ ಆ ಊರಿನವರು ತಮ್ಮ ಕಡಲಂಚನ್ನು ಕೈಬಿಡಲಿಲ್ಲ. 1922ರಷ್ಟು ಹಿಂದೆ ಕಟ್ಟಿದ ಸಮುದ್ರದ ಈಜುಕೊಳವನ್ನು ಉಳಿಸಿಕೊಂಡರು. ಒಂದು ಮರಳದಂಡೆಯಿಂದ ಇನ್ನೊಂದಕ್ಕೆ ನೀರಿನ ಅಂಚಿನಲ್ಲೇ ನಡೆದುಹೋಗುವ ಹಾದಿ ಮಾಡಿದರು. ಬಂದರಿನ ಹಳೆಯ ರೈಲ್ವೆ ಅಂಗಳ, ಗೋದಾಮುಗಳಿದ್ದ ಜಾಗಕ್ಕೆ ಹೋಟೆಲುಗಳೂ ಉದ್ಯಾನವೂ ಬಂದವು. ನ್ಯೂಕಾಸಲ್‌ಗೆ ಕಡಲಿದೆ, ನಮಗೆ ಹೊಳೆಯಿದೆ. ನೋಡುವ ಕಣ್ಣಿದ್ದರೆ ಹೊಳೆ ಯಾವ ಕಡಲಿಗೂ ಕಡಿಮೆಯಲ್ಲ.

ಹಳೇನಗರದ ಗುಡಿ

ಮೊದಲ ದಿನದ ಬೆಳಗನ್ನು ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಕೊಡಿ. ಹದಿಮೂರನೇ ಶತಮಾನದ ಹೊಯ್ಸಳರ ಗುಡಿ ಇದು. ಬೇಲೂರು, ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲ. ಮೂರು ಗರ್ಭಗುಡಿಗಳ ತ್ರಿಕೂಟ ವಿನ್ಯಾಸ, ಮೂರಕ್ಕೂ ಶಿಖರ. ನಡುವೆ ಲಕ್ಷ್ಮೀನರಸಿಂಹ, ಅಕ್ಕಪಕ್ಕದಲ್ಲಿ ವೇಣುಗೋಪಾಲ ಮತ್ತು ಪುರುಷೋತ್ತಮ. ಹಿರಣ್ಯಕಶಿಪುವನ್ನು ಸೀಳುವ ಉಗ್ರರೂಪವಲ್ಲ, ಮಡದಿಯೊಂದಿಗೆ ಕುಳಿತ ಶಾಂತ ನರಸಿಂಹ.

ಒಳಗೆ ದರ್ಶನ ಮುಗಿಸಿ ಹೊರಟುಬಿಡಬೇಡಿ. ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಒಂದು ಸುತ್ತು ಬನ್ನಿ. ಗೋಡೆಯ ಒಂದೊಂದು ಮೂಲೆಯನ್ನು ಜಗಲಿಯೂ ಹಾಗೆಯೇ ಅನುಸರಿಸಿ ತಿರುಗುತ್ತದೆ. ಹೀಗಾಗಿ ಪ್ರದಕ್ಷಿಣೆ ಬರುವವರ ಕಣ್ಣಿಗೆ ಹೆಜ್ಜೆ ಹೆಜ್ಜೆಗೂ ಬೇರೆ ಶಿಲ್ಪ ಬೀಳುತ್ತದೆ. ಹೊಯ್ಸಳರ ಕೆಲಸಗಾರರು ಆರಿಸಿಕೊಂಡ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುತ್ತದೆ. ಆಭರಣದ ಎಳೆ, ಬೆರಳಿನ ಗೆಣ್ಣು ಇಷ್ಟು ಬಿಡಿಸಿ ಕಾಣುವುದು ಅದರಿಂದಲೇ. ಇದನ್ನು ನೋಡಿ ಹಸಿವು ಹೆಚ್ಚಿದವರು ತರೀಕೆರೆ ಕಡೆಯ ಅಮೃತಾಪುರಕ್ಕೆ ಹೋಗಬಹುದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇಗುಲ ಅಲ್ಲಿದೆ. ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು ಗೋಡೆಯ ಮೇಲೆ ಸಾಲಾಗಿ ಬಂದಿವೆ.

ಡ್ಯಾಂ, ದ್ವೀಪ, ಹಕ್ಕಿ

ಊರಿನಿಂದ ಸುಮಾರು 20 ಕಿ.ಮೀ. ದೂರದ ಬಿ.ಆರ್. ಪ್ರಾಜೆಕ್ಟ್‌ಗೆ ಹೋಗುವ ದಾರಿಯಲ್ಲಿ ಭತ್ತದ ಗದ್ದೆ, ಅಡಿಕೆ ತೋಟ, ನಾಲೆ ಜೊತೆಜೊತೆಗೇ ಬರುತ್ತವೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ ಸಿಗುತ್ತದೆ. ಅದರಾಚೆ ಭದ್ರಾ ಅಣೆಕಟ್ಟು. ಗಂಗಾಮೂಲದಲ್ಲಿ ಹುಟ್ಟಿ, ಬಾಳೆಹೊನ್ನೂರಿನ ಮೇಲೆ ಹಾದು ಬಂದ ಭದ್ರೆ ಲಕ್ಕವಳ್ಳಿಯ ಬಳಿ ಬೆಟ್ಟಗಳ ನಡುವೆ ಹರವಾಗಿ ನಿಲ್ಲುತ್ತಾಳೆ. ಜಲಾಶಯದ ಪೂರ್ಣಮಟ್ಟ 186 ಅಡಿ, ಸಂಗ್ರಹ 71.5 ಟಿ.ಎಂ.ಸಿ. ‘ಡ್ಯಾಂ ಎಷ್ಟು ಅಡಿ ಆಯ್ತು?’ ಎಂದು ಮಳೆಗಾಲದುದ್ದಕ್ಕೂ ದಾವಣಗೆರೆಯವರೆಗಿನ ರೈತರು ಕೇಳುವುದು ಈ ಮಟ್ಟವನ್ನೇ. ನೀರು ಹೆಚ್ಚಾಗಿ ಕ್ರಸ್ಟ್ ಗೇಟು ಎತ್ತಿದ ದಿನ ಕೆಳಗಿನ ಭದ್ರಾವತಿಯ ಹೊಳೆಯೂ ಉಕ್ಕುತ್ತದೆ. ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಂತದ್ದೂ ಉಂಟು.

ಮಳೆಗಾಲದ ಜಲಾಶಯವೇ ಚಂದ ಎಂದು ಹೆಚ್ಚಿನವರ ನಂಬಿಕೆ. ಆದರೆ ನೀರು ಇಳಿದಾಗ ಇಲ್ಲಿ ನಡೆಯುವುದು ಇನ್ನೂ ಚಂದ. ಬೇಸಿಗೆ ಹತ್ತಿರ ಬಂದಂತೆ ಬೆಳೆಗೆ ನೀರು ಬಿಟ್ಟು ಮಟ್ಟ ತಗ್ಗುತ್ತದೆ. ಮುಳುಗಿದ್ದ ದಿಬ್ಬಗಳು ಒಂದೊಂದಾಗಿ ತಲೆಯೆತ್ತಿ ಚಿಕ್ಕ ದ್ವೀಪಗಳಾಗುತ್ತವೆ. ಆ ಬೋಳು ನೆಲಕ್ಕೆ ರಿವರ್ ಟರ್ನ್ ಹಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ. ತಲೆಗೆ ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ಅವು ಕಡ್ಡಿ ಕೂಡಿಸಿ ಗೂಡು ಕಟ್ಟುವುದಿಲ್ಲ. ನೆಲವನ್ನು ಕೊಂಚ ಕೆರೆದು ತಗ್ಗು ಮಾಡಿ, ಕಲ್ಲುಚೂರಿನ ಬಣ್ಣದ ಎರಡು ಮೂರು ಮೊಟ್ಟೆ ಇಡುತ್ತವೆ. ಎರಡಡಿ ದೂರದಿಂದ ನೋಡಿದರೂ ಮೊಟ್ಟೆ ಯಾವುದು, ಕಲ್ಲು ಯಾವುದು ಎಂದು ಗೊತ್ತಾಗದು. ಉರಿಬಿಸಿಲಲ್ಲಿ ಮೊಟ್ಟೆಗೆ ನೆರಳಾಗಿ ಒಂದು ಹಕ್ಕಿ ಕೂರುತ್ತದೆ, ಜೊತೆಯದು ನೀರಿಗೆ ನೆಟ್ಟಗೆ ಧುಮುಕಿ ಮೀನು ತರುತ್ತದೆ. ಮರಿಗಳು ರೆಕ್ಕೆ ಬಲಿತು ಹಾರಿದ ಮೇಲೆ ಮುಂಗಾರು ಬಂದು ದ್ವೀಪ ಮತ್ತೆ ಮುಳುಗುತ್ತದೆ. ಈ ಸಂಸಾರ ಪೂರ್ತಿ ನಡೆಯುವುದು ನೀರಿನ ಏರಿಳಿತದ ಲೆಕ್ಕದಲ್ಲಿ.

ಹಲವೆಡೆ ಮರಳುದಿಬ್ಬ ಕಳೆದುಕೊಂಡು ಈ ಹಕ್ಕಿ ಕಷ್ಟದಲ್ಲಿದೆ. ಹಾಗಾಗಿ ದೋಣಿಯಲ್ಲಿ ಹೋದವರು ದ್ವೀಪದ ಮೇಲೆ ಕಾಲಿಡುವಂತಿಲ್ಲ, ದೂರದಿಂದಲೇ ನೋಡಬೇಕು. ಇದೇ ಹಕ್ಕಿಯ ಹೆಸರಿನಲ್ಲಿ ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್ ನಡೆಯುತ್ತಿದೆ. ಜೀಪ್ ಸಫಾರಿ, ದೋಣಿ ಸಫಾರಿ ಎರಡೂ ಇವೆ. ಆಚೆ ದಡದ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನೊಳಗಿದ್ದ ಹಳ್ಳಿಗಳ ಜನರು 2000ದ ಆಸುಪಾಸಿನಲ್ಲಿ ಹೊರಗೆ ಬಂದು ನೆಲೆಸಿದರು. ಇಂದು ನೀರಂಚಿನಲ್ಲಿ ಕಾಣುವ ಆನೆ, ಕಾಟಿ, ಜಿಂಕೆಯ ನೆಮ್ಮದಿಯಲ್ಲಿ ಆ ಕುಟುಂಬಗಳ ತ್ಯಾಗದ ಪಾಲೂ ಇದೆ. ಪ್ರವಾಸಿಗರು ಅದನ್ನು ಮರೆಯಬಾರದು.

ಊಟದ ಮಾತು

ಊರೂರಿನ ಜನ ಬಂದು ಸೇರಿದ್ದರಿಂದ ಭದ್ರಾವತಿಯ ಊಟಕ್ಕೂ ಹಲವು ರುಚಿ. ಬೆಳಿಗ್ಗೆ ಇಡ್ಲಿ, ವಡೆ, ದೋಸೆ, ತಟ್ಟೆಯಂಚಿಗೆ ಹರಿಯುವಷ್ಟು ಸಾಂಬಾರ್. ಮಧ್ಯಾಹ್ನ ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ಕೋಳಿ ಸಾರು, ಕೈಮಾ ಉಂಡೆ. ಸಂಜೆ ತಳ್ಳುಗಾಡಿಯ ಮುಂದೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ಬಯಲುಸೀಮೆಯ ಮಂಡಕ್ಕಿಯೂ ಮಲೆನಾಡಿನ ಕಡುಬೂ ಒಂದೇ ಊರಿನಲ್ಲಿ ಸಿಗುವುದು ಇಂಥ ನಡುನಾಡಿನ ಭಾಗ್ಯ.

ಕಡುಬಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅಕ್ಕಿ ತರಿಯನ್ನು ಕುದಿನೀರಿಗೆ ಹಾಕಿ, ಗಂಟಾಗದಂತೆ ತಿರುವಿ ಬೇಯಿಸುತ್ತಾರೆ. ಬಿಸಿ ಆರುವ ಮೊದಲೇ ಕೈಗೆ ನೀರು ಸವರಿಕೊಂಡು ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಇಡುತ್ತಾರೆ. ಎರಡು ಸಲ ಬೆಂದ ಕಡುಬು ಒಡೆದರೆ ಬಿರಿಯಬೇಕು, ಬೆರಳಿಗೆ ಅಂಟಬಾರದು. ಇದಕ್ಕೆ ಕಾಯಿಚಟ್ನಿ ಆಗುತ್ತದೆ, ಕೋಳಿ ಸಾರು ಇನ್ನೂ ಚೆನ್ನಾಗಿ ಒಗ್ಗುತ್ತದೆ, ಮಳೆಗಾಲದಲ್ಲಿ ಏಡಿ ಸಾರು ಸಿಕ್ಕರೆ ಬೇರೇನೂ ಬೇಡ. ಹೊಳೆಮೀನಿನ ಸಾರಿಗೆ ಮಲೆನಾಡಿನವರು ಹುಣಸೆಯ ಬದಲು ವಾಟೆಹುಳಿ ಹಾಕುವುದುಂಟು. ಅದರ ಹುಳಿ ನಾಲಿಗೆಗೆ ಚುಚ್ಚುವುದಿಲ್ಲ, ಮೀನಿನ ರುಚಿಯನ್ನು ಮುಚ್ಚುವುದೂ ಇಲ್ಲ. ಸಸ್ಯಾಹಾರಿಗಳಿಗೆ ಅಕ್ಕಿ ರೊಟ್ಟಿ, ಬದನೆ ಎಣ್ಣೆಗಾಯಿ, ಕಾಲಕ್ಕೆ ತಕ್ಕಂತೆ ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ. ಇವೆಲ್ಲ ಮನೆಯ ಅಡುಗೆ. ಹೋಟೆಲಿನ ಪಟ್ಟಿಯಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ. ಹೋಂಸ್ಟೇ ನಡೆಸುವ ಮಲೆನಾಡಿನ ಮನೆಗಳಲ್ಲಿ ಮೊದಲೇ ಹೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ.

ಸಂಗಮ, ಬಿಡಾರ, ಆಮೇಲೆ ಕಡಲು

ಎರಡನೇ ದಿನ ಹೊಳೆಯ ಜೊತೆಗೇ ಕೆಳಗೆ ಸಾಗಿ. ಹೊಳೆಹೊನ್ನೂರಿನ ಹತ್ತಿರ ಕೂಡ್ಲಿಯಲ್ಲಿ ಭದ್ರೆ ತುಂಗೆಯನ್ನು ಕೂಡಿ ತುಂಗಭದ್ರೆಯಾಗುತ್ತಾಳೆ. ಹಂಪಿಯ ಬಂಡೆಗಳ ನಡುವೆ ಹರಿಯುವ ನದಿ ಹುಟ್ಟುವುದು ಈ ಜಾಗದಲ್ಲಿ. ಹಳೆಯ ಸಂಗಮೇಶ್ವರ, ರಾಮೇಶ್ವರ ಗುಡಿಗಳು, ಸ್ಮಾರ್ತ ಮತ್ತು ಮಾಧ್ವ ಮಠಗಳು, ನೀರಿಗಿಳಿಯುವ ಮೆಟ್ಟಿಲು. ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ಕುಳಿತು ಎರಡು ಹೊಳೆಗಳೂ ಬರುವ ದಿಕ್ಕನ್ನು ಒಟ್ಟಿಗೇ ನೋಡಬಹುದು. ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯುವ ಸಾಹಸ ಬೇಡ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ. ಹೋದರೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಾವುತರು, ಕಾವಾಡಿಗಳು ಆನೆಗಳ ಮೈ ತಿಕ್ಕುವುದನ್ನು ನೋಡಬೇಕೆಂದರೆ ಬೆಳಿಗ್ಗೆಯೇ ತಲುಪಬೇಕು. ಮಧ್ಯಾಹ್ನದ ಹೊತ್ತಿಗೆ ಆನೆಗಳು ಕಾಡಿಗೆ ಮೇಯಲು ಹೋಗಿರುತ್ತವೆ. ಅದೇ ದಾರಿಯಲ್ಲಿ ಮುಂದೆ ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಶಿವಮೊಗ್ಗ ಪೇಟೆಯಲ್ಲೇ ತುಂಗೆಯ ದಡದ ಶಿವಪ್ಪನಾಯಕನ ಅರಮನೆ ವಸ್ತುಸಂಗ್ರಹಾಲಯವಾಗಿದೆ, ಅದರ ಮರದ ಕಂಬಗಳ ಸಭಾಂಗಣ ತಪ್ಪಿಸಬಾರದ್ದು.

ಕಡಲೇ ಬೇಕು ಎನ್ನುವವರಿಗೂ ಇಲ್ಲಿಂದ ದಾರಿ ನೇರ. ಭದ್ರಾವತಿಯ ಮೇಲೆ ಹಾದುಹೋಗುವ ಹೆದ್ದಾರಿ ಸಾಗರ, ಜೋಗದ ಹತ್ತಿರದ ತಾಳಗುಪ್ಪ, ಗೇರುಸೊಪ್ಪೆ ಘಾಟಿ ದಾಟಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಅಲ್ಲಿನ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧಿ, ಸ್ವಚ್ಛತೆ, ಸುರಕ್ಷತೆಯನ್ನು ಪರೀಕ್ಷಿಸಿ ಕೊಡುವ ಮಾನ್ಯತೆ ಅದು. ಬೆಳಿಗ್ಗೆ ಭದ್ರೆಯ ದಡದಲ್ಲಿ ಚಹಾ ಕುಡಿದು ಹೊರಟವರು ಮಧ್ಯಾಹ್ನ ಶರಾವತಿ ಅಳಿವೆಯ ಪಕ್ಕದಲ್ಲಿ ಬಂಗುಡೆ ಹುರಿದದ್ದು ಉಣ್ಣಬಹುದು.

ಹೋಗುವವರಿಗೆ, ಊರಿನವರಿಗೆ

ಬೀರೂರು–ಶಿವಮೊಗ್ಗ ಮಾರ್ಗದ ರೈಲುಗಳಿಗೆ ಭದ್ರಾವತಿಯಲ್ಲಿ ನಿಲ್ದಾಣವಿದೆ. ಬಸ್ಸಿಗೆ ಕೊರತೆಯಿಲ್ಲ. ಹಕ್ಕಿ ನೋಡಲು ಮಾರ್ಚಿಯಿಂದ ಮೇ, ತುಂಬಿದ ಅಣೆಕಟ್ಟು ನೋಡಲು ಆಗಸ್ಟ್ ನಂತರ, ಗುಡಿ ಮತ್ತು ಸಂಗಮಕ್ಕೆ ಚಳಿಗಾಲ ಒಳ್ಳೆಯದು. ಸಫಾರಿಗೆ ಮುಂಚಿತವಾಗಿ ಜಾಗ ಕಾಯ್ದಿರಿಸಿ.

ಕೊನೆಯ ಮಾತು ನಮ್ಮ ಊರಿನವರಿಗೆ. ನೋಡಬೇಕಾದದ್ದನ್ನೆಲ್ಲ ಪ್ರಕೃತಿಯೂ ಹಿರಿಯರೂ ಕೊಟ್ಟಿದ್ದಾರೆ. ನಮ್ಮ ಪಾಲಿಗೆ ಉಳಿದಿರುವುದು ಸಣ್ಣ ಕೆಲಸಗಳು: ಹೊಳೆಗೆ ಕಸ, ಕೊಳಚೆ ಬಿಡದಿರುವುದು, ಗುಡಿಗೆ ದಾರಿ ತೋರಿಸುವ ಫಲಕ, ಭದ್ರೆಯ ಅಂಚಿನಲ್ಲಿ ಮುದುಕರೂ ಮಕ್ಕಳೂ ನಿರಾಳವಾಗಿ ನಡೆಯಬಹುದಾದ ಒಂದು ಉದ್ದನೆಯ ಹಾದಿ, ಅದರ ಪಕ್ಕದಲ್ಲಿ ಕಡುಬು ಮಾಡಿ ಮಾರುವ ಹೆಣ್ಣುಮಕ್ಕಳಿಗೆ ನಾಲ್ಕು ಮಳಿಗೆ. ಇವಕ್ಕೆ ನೂರು ವರ್ಷದ ಹಿಂದೆ ಕಾರ್ಖಾನೆ ಕಟ್ಟಿದಷ್ಟು ಬಂಡವಾಳ ಬೇಕಿಲ್ಲ, ಅಂದಿನ ಹುರುಪಿನ ಒಂದು ಪಾಲು ಸಾಕು. ನಗರಸಭೆಯೂ ಪ್ರವಾಸೋದ್ಯಮ ಇಲಾಖೆಯೂ ಊರಿನ ಜನರೊಂದಿಗೆ ಕೂತು ಈ ಕೆಲಸವನ್ನು ಬರುವ ಮಳೆಗಾಲಕ್ಕೆ ಮೊದಲು ಶುರುಮಾಡಲಿ.