ನಾನೇ ಮಾಡಿದ ಮೊದಲ ಪ್ರಾಜೆಕ್ಟ್

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಹೋದ ಮೊದಲ ಸಂದರ್ಶನ. ‘ಫೈನಲ್ ಇಯರ್ ಪ್ರಾಜೆಕ್ಟ್ ಬಗ್ಗೆ ಹೇಳಿ’ ಅಂದರು. ಬಾಯಿಪಾಠ ಒಪ್ಪಿಸಿದೆ. ‘ಅದರಲ್ಲಿ ಏನು ಕೈಕೊಟ್ಟಿತು? ಹೇಗೆ ಸರಿ ಮಾಡಿದಿರಿ?’ ಅಂತ ಮತ್ತೆ ಕೇಳಿದಾಗ ನಾಲಿಗೆ ಒಣಗಿತು. ಯಾಕೆಂದರೆ ಅದನ್ನು ನಾವು ಮಾಡಿರಲೇ ಇಲ್ಲ. ನಾಲ್ವರು ದುಡ್ಡು ಹಾಕಿ ರೆಡಿಮೇಡ್ ಕೊಂಡಿದ್ದೆವು.

ತಿಪಟೂರಿನ ಮನೆಗೆ ವಾಪಸಾದೆ. ‘ಏನಪ್ಪಾ, ಎಲ್ಲೂ ಆಗ್ಲಿಲ್ವಾ?’ ಅನ್ನುವವರಿಂದ ತಪ್ಪಿಸಿಕೊಂಡು ಹಿತ್ತಲಲ್ಲಿ ಕೂರುವುದೇ ಅಭ್ಯಾಸವಾಯಿತು. ಅಷ್ಟರಲ್ಲಿ ಅಕ್ಕ ಬಾಣಂತನಕ್ಕೆ ಬಂದಳು. ಅವಳ ದೊಡ್ಡ ಮಗಳು, ಒಂದೂಮುಕ್ಕಾಲು ವರ್ಷದ ಪುಟ್ಟಿ, ನನ್ನ ಪಾಲಿಗೆ ಬಂದಳು. ಮೊಬೈಲ್ ಇಲ್ಲದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಒಂದು ವರ್ಷದ ಮಕ್ಕಳಿಗೆ ಸ್ಕ್ರೀನ್ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ 1 ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಸರಿ, ಮೊಬೈಲ್ ಕಿತ್ತುಕೊಂಡರೆ ಬದಲಿಗೆ ಏನು ಕೊಡೋದು?

ಆಗ ನೆನಪಾದವರು ಅರವಿಂದ ಗುಪ್ತ. 1975ರಲ್ಲಿ ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಂಥ ಚಿಲ್ಲರೆ ಸಾಮಾನಿನಲ್ಲಿ ಆಟಿಕೆ ಮಾಡುವುದನ್ನು ಮಕ್ಕಳಿಗೆ ಕಲಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದರು. ಗುಜರಿಗೆ ಹಾಕಲು ಇಟ್ಟಿದ್ದ ಚೀಲ ಬಿಚ್ಚಿದೆ.

ಐದು ನೀರಿನ ಬಾಟಲಿಗಳ ತಳ ಕತ್ತರಿಸಿ, ಒಂದರ ಕೊರಳು ಇನ್ನೊಂದರ ಬಾಯಿಗೆ ಬರುವಂತೆ ತಂತಿ ಬೇಲಿಗೆ ಓರೆಯಾಗಿ ಕಟ್ಟಿದೆ. ಮೇಲಿನದಕ್ಕೆ ನೀರು ಹೊಯ್ದರೆ ಕೆಳಗಿನವರೆಗೆ ಹರಿಯಬೇಕು. ಹರಿಯಲಿಲ್ಲ, ಎರಡನೆಯದರಲ್ಲೇ ತುಂಬಿ ಚೆಲ್ಲಿತು. ಓರೆ ಹೆಚ್ಚಿಸಿದೆ. ಕತ್ತರಿಸಿದ ಅಂಚು ನನ್ನ ಬೆರಳನ್ನೇ ಗೀರಿತು. ಬಿಸಿ ಇಸ್ತ್ರಿಪೆಟ್ಟಿಗೆಗೆ ತಾಗಿಸಿದಾಗ ಅಂಚು ಒಳಕ್ಕೆ ಮಡಚಿ ದುಂಡಗಾಯಿತು. ಎಲ್ಲ ಮುಗಿಸಿ ಪುಟ್ಟಿಯನ್ನು ಕರೆತಂದರೆ ಅವಳ ಕೈ ಮೇಲಿನ ಬಾಟಲಿಗೆ ಎಟುಕಲೇ ಇಲ್ಲ! ನನ್ನ ಎತ್ತರಕ್ಕೆ ಕಟ್ಟಿದ್ದೆ. ಅವಳು ಕೆಳಗೆ ಬಿದ್ದಿದ್ದ ಸೌಟು ಹಿಡಿದು ಚೊಂಬು ಬಡಿಯುತ್ತಾ ಕೂತಳು.

ಅದನ್ನೇ ನೋಡಿ ಮರುದಿನ ಸೀಬೆ ಕೊಂಬೆಗೆ ತಟ್ಟೆ, ಮುಚ್ಚಳ, ತೆಂಗಿನ ಚಿಪ್ಪು ಜೋತುಬಿಟ್ಟೆ. ಬಾಟಲಿಗಳನ್ನು ಅವಳ ಎದೆಯ ಮಟ್ಟಕ್ಕೆ ಇಳಿಸಿದೆ. ಬರಿಗಾಲಲ್ಲಿ ನಡೆಯಲು ಮರಳು, ಗೋಣಿಚೀಲ, ತೆಂಗಿನ ನಾರು, ನುಣುಪು ಕಲ್ಲುಗಳ ಪುಟ್ಟ ದಾರಿ ಮಾಡಿದೆ. ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕ ಕಲ್ಲು ಒಂದೂ ಇರದಂತೆ ಆರಿಸಿದೆ. ಬಕೆಟ್ಟಿನಲ್ಲಿ ಎರಡಿಂಚು ನೀರಿದ್ದರೂ ಈ ವಯಸ್ಸಿನವರಿಗೆ ಅಪಾಯ. ಹಾಗಾಗಿ ಆಟ ಮುಗಿದೊಡನೆ ನೀರು ಗಿಡಕ್ಕೆ. ಆಡುವಷ್ಟು ಹೊತ್ತೂ ನಾನು ಪಕ್ಕಕ್ಕೆ.

ನಾರು ಕಾಲಿಗೆ ತಾಗಿದ್ದೇ ಪುಟ್ಟಿ ಕಿರುಚಿದಳು. ಒತ್ತಾಯ ಮಾಡಲಿಲ್ಲ. ಮೂರು ದಿನ ಅದನ್ನು ಸುತ್ತಿಕೊಂಡೇ ಹೋದಳು. ನಾಲ್ಕನೆಯ ದಿನ ಬೆರಳಲ್ಲಿ ಮುಟ್ಟಿದಳು. ವಾರ ಕಳೆಯುವಷ್ಟರಲ್ಲಿ ಅದರ ಮೇಲೆ ಕೂತು ನಾರು ಕೀಳುತ್ತಿದ್ದಳು.

‘ನಿಮ್ಮನ್ನೆಲ್ಲಾ ಮಣ್ಣಲ್ಲೇ ಬಿಟ್ಟು ಬೆಳೆಸಿದ್ವಿ. ಇದಕ್ಕೂ ಎಂಜಿನಿಯರ್ ಬೇಕೇನೋ?’ ಅಂತ ಅಮ್ಮ ನಕ್ಕರು. ಆದರೆ ಈಗ ಬೆಳಗಿನ ತಿಂಡಿ ತಟ್ಟೆಯನ್ನು ಅವರೇ ಹಿತ್ತಲಿಗೆ ತರುತ್ತಾರೆ. ರಾತ್ರಿ ಊಟಕ್ಕೆ ಮಾತ್ರ ಪುಟ್ಟಿ ಈಗಲೂ ಮೊಬೈಲ್ ಕೇಳುತ್ತಾಳೆ.

ಹೋದ ವಾರ ಇನ್ನೊಂದು ಸಂದರ್ಶನ. ಅದೇ ಪ್ರಶ್ನೆ. ‘ಕಾಲೇಜಿನದು ನಾನು ಮಾಡಿದ್ದಲ್ಲ ಸರ್, ಮನೆ ಹಿತ್ತಲಲ್ಲಿ ಮಾಡಿದ್ದನ್ನು ಹೇಳಲಾ?’ ಅಂದೆ. ಅವರು ನಕ್ಕು, ಹೂಂ ಅಂದರು. ಏನೇನು ಕೈಕೊಟ್ಟಿತು ಎಂದು ಹೇಳಲು ಈ ಸಲ ತಡಕಾಡಲಿಲ್ಲ.

ಫಲಿತಾಂಶ ಇನ್ನೂ ಬಂದಿಲ್ಲ. ಇತ್ತ ಮೂರನೇ ಬಾಟಲಿಯ ಕಟ್ಟು ಸಡಿಲವಾಗಿದೆ. ‘ಮಾಮಾ, ನೀ...’ ಎನ್ನುತ್ತಾ ಪುಟ್ಟಿ ಚೊಂಬು ಹಿಡಿದು ನಿಂತಿದ್ದಾಳೆ. ಹೋಗಬೇಕು.