ಬೆರಳ ತುದಿಯಷ್ಟು ಮುಲಾಮು
ಬಿಸಿಲೇರಿದಂತೆ ರಾಯಚೂರಿನ ನನ್ನ ಔಷಧಿ ಅಂಗಡಿಗೆ ಮಾನ್ವಿ, ದೇವದುರ್ಗದ ಕಡೆಯ ಗದ್ದೆ ಕೆಲಸದವರು ತೊಡೆಸಂದಿಯ ಗಜಕರ್ಣದಿಂದ ಬಳಲಿ ಬರುತ್ತಾರೆ. ಖಾಲಿ ಟ್ಯೂಬು ಮುಂದಿಟ್ಟು, "ಇದನ್ನೇ ಕೊಡ್ರಿ ಅಣ್ಣಾರ, ಎರಡು ದಿನದಾಗ ಕಡಿತ ನಿಂತಿತ್ತು" ಅನ್ನುತ್ತಾರೆ. ಸಣ್ಣ ಅಕ್ಷರ ಓದಿದರೆ ಕ್ಲೋಬೆಟಾಸಾಲ್, ಬಲು ತೀವ್ರ ಸ್ಟೀರಾಯ್ಡ್. ಅದು ಉರಿ, ಕೆಂಪು ಅಡಗಿಸುತ್ತದೆ. ಗಜಕರ್ಣಕ್ಕೆ ಕಾರಣವಾದ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಮೇಲೆ ಮಾಸದ ಗೀರುಗಳನ್ನು ಕಂಡು ಸಂಕಟಪಟ್ಟಿದ್ದೇನೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿದೆ.

ಹಾಗಂತ ಹೆದರಬೇಡಿ. ಇಸುಬಿಗೆ ವೈದ್ಯರು ಬರೆದಾಗ ಸ್ಟೀರಾಯ್ಡೇ ಒಳ್ಳೆಯ ಮದ್ದು. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಅರ್ಧ ಗ್ರಾಂ. ಎರಡು ಅಂಗೈಯಗಲಕ್ಕೆ ಸಾಕು. ಮುಖಕ್ಕೆ, ಕಂಕುಳಿಗೆ, ಕೂಸಿನ ಮೈಗೆ ಕೇಳದೆ ಹಚ್ಚಲೇಬೇಡಿ. ಗಜಕರ್ಣವಾದರೆ ನೇರ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ, ಚರ್ಮರೋಗ ವೈದ್ಯರಿಗೆ ತೋರಿಸಿ.