ರವಿವಾರದ ಪ್ರಾರ್ಥನೆ, ಸೋಮವಾರದ ಹಾಜರಿಪಟ್ಟಿ



ಕಳೆದ ಶನಿವಾರ ಸಂಜೆ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದಾಗ, ದಿನಾಲೂ ಬಂದು ಕೂಡ್ರುವ ಹಿರಿಯರೊಬ್ಬರು ನಗುತ್ತ ಕೇಳಿದರು: “ಅಲ್ರೀ ಕಾರಕೂನರ, ನಿಮ್ಮ ಕ್ರಿಸ್ತಾನರ ದೇವರ ಕೆಲಸ ಎಲ್ಲಾ ರವಿವಾರ ಒಂದ ತಾಸಿನ್ಯಾಗ ಮುಗೀತದ. ಉಳಿದ ಆರು ದಿನಾ ಏನ ಮಾಡ್ತೀರಿ?” ಪ್ರಶ್ನೆ ವಿನೋದದ್ದಾದರೂ ಉತ್ತರ ಹಗುರವಾದುದಲ್ಲ. ಆ ಹೊತ್ತಿಗೆ ನಕ್ಕು ಸುಮ್ಮನಾದೆವು. ಮನೆಗೆ ಹೋದ ಮೇಲೆ ಅದೇ ಮಾತು ಕೊರೆಯಹತ್ತಿತು. ನಮ್ಮ ಅಲ್ಪಮತಿಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಗದಗ-ಬೆಟಗೇರಿಯ ಕಡೆಯವರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ನೆಲೆಯೂರಿದರು. ನಮ್ಮ ಹಿರಿಯರು ಆ ಸಭೆಗೆ ಸೇರಿದವರು. ಈ ಮಿಶನ್ನಿನ ಹೆಸರು ಕನ್ನಡ ಓದುವವರಿಗೆ ಹೊಸದಲ್ಲ. ೧೮೪೩ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವೂ, ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ ಸಾಹೇಬರ ನಿಘಂಟೂ ಅವರಿಂದಲೇ ಬಂದವು. ಆದರೆ ಅವರು ನೇಕಾರಿಕೆಯ ಕಾರ್ಖಾನೆಗಳನ್ನೂ, ೧೮೬೫ರಿಂದ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ನಡೆಸಿದರೆಂಬುದನ್ನು ನೆನೆಯುವವರು ಕಡಿಮೆ. ಮತಕ್ಕೆ ಸೇರಿದವರಲ್ಲಿ ಅನೇಕರಿಗೆ ಮನೆಯೂ ಕುಲದ ಕಸುಬೂ ಕೈಬಿಟ್ಟು ಹೋಗುತ್ತಿದ್ದವು. ಹೊಟ್ಟೆಗೆ ಒಂದು ದಾರಿ ಆಗಬೇಕಾಗಿತ್ತು. ಹೀಗೆ ನಮ್ಮ ಜನರಲ್ಲಿ ಪ್ರಾರ್ಥನೆಯೂ ಮಗ್ಗವೂ ಜೊತೆಜೊತೆಯಾಗಿಯೇ ಬಂದವು.

ಹಾಗಾದರೆ ಕೆಲಸದ ದಿನಗಳ ಬಗ್ಗೆ ನಮ್ಮ ಶಾಸ್ತ್ರ ಏನು ಹೇಳುತ್ತದೆ? ಮೊದಲನೆಯದಾಗಿ, ಯೇಸುಸ್ವಾಮಿ ಬೋಧನೆಗೆ ಹೊರಟಾಗ ಆತನಿಗೆ ಸುಮಾರು ಮೂವತ್ತು ವರ್ಷವೆಂದು ಲೂಕನು ಬರೆದಿದ್ದಾನೆ. ಸ್ವಂತ ಊರಿನವರು ಆತನನ್ನು ಗುರುತಿಸಿದ್ದು ಬಡಗಿಯೆಂದು. ಅಂದಮೇಲೆ ಆತನ ಆಯುಷ್ಯದ ಬಹುಭಾಗ ಉಳಿ, ಗರಗಸಗಳ ನಡುವೆಯೇ ಕಳೆದಿರಬೇಕು.

ಎರಡನೆಯದು, ಮತ್ತಾಯನ ಸುವಾರ್ತೆಯಲ್ಲಿರುವ ದ್ರಾಕ್ಷೆಯ ತೋಟದ ಕಥೆ. ತೋಟದ ಯಜಮಾನನು ಬೆಳಗಿನ ಜಾವ ಪೇಟೆಗೆ ಹೋಗಿ, ದಿನಕ್ಕೆ ಒಂದು ಬೆಳ್ಳಿಯ ನಾಣ್ಯವೆಂದು ಗೊತ್ತುಮಾಡಿ ಆಳುಗಳನ್ನು ಕರೆತರುತ್ತಾನೆ. ಅದು ಅಂದಿನ ಒಂದು ದಿನದ ಕೂಲಿ. ಮತ್ತೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕಡೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಐದಕ್ಕೆ ನಿಂತಿದ್ದವರನ್ನು, ದಿನವೆಲ್ಲ ಯಾಕೆ ಸುಮ್ಮನೆ ನಿಂತಿರಿ ಎಂದು ಕೇಳಿದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ. ನಗರದ ನಾಕಾಗಳಲ್ಲಿ ಬುಟ್ಟಿ, ಗುದ್ದಲಿ ಹಿಡಿದು ನಿಲ್ಲುವ ನಮ್ಮ ಜನರನ್ನು ಕಂಡವರಿಗೆ ಈ ಉತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಎಲ್ಲರಿಗೂ ಅದೇ ಒಂದು ನಾಣ್ಯ ಸಿಗುತ್ತದೆ. ಬೆಳಗಿನಿಂದ ದುಡಿದವರು ಗೊಣಗುತ್ತಾರೆ. ದೇವರ ಕೃಪೆಯು ಅಳೆದು ಕೊಡುವ ಕೂಲಿಯಲ್ಲವೆಂಬುದು ಕಥೆಯ ಮುಖ್ಯ ತಾತ್ಪರ್ಯ. ಆದರೆ ಗುಮಾಸ್ತನ ಕಣ್ಣಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ: ತಡವಾಗಿ ಕೆಲಸ ಸಿಕ್ಕವನ ಮನೆಯಲ್ಲಿಯೂ ಉಣ್ಣುವ ಬಾಯಿಗಳು ಅಷ್ಟೇ ಇರುತ್ತವೆ. ಕೂಲಿಯನ್ನು ಸಂಜೆಯೇ ಕೊಟ್ಟದ್ದಕ್ಕೂ ಕಾರಣವಿದೆ. ಬಡವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ.

ಇದು ನಮ್ಮ ನಾಡಿಗೆ ಪರಕೀಯವಾದ ವಿಚಾರವೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಎಷ್ಟು ಎತ್ತರಕ್ಕೆ ಏರಿಸಿದರೆಂಬುದನ್ನು ನಾವೆಲ್ಲ ಬಲ್ಲೆವು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು, ಬೆಟಗೇರಿಯಲ್ಲಿ ನಮ್ಮ ನೆರೆಮನೆಯ ಅಜ್ಜಿಯ ಬಾಯಿಂದ ಚಿಕ್ಕಂದಿನಲ್ಲಿಯೇ ಕೇಳಿದ್ದೆವು.

ಮೂರನೆಯದು ಜಕ್ಕಾಯನ ಕಥೆ. ಇದನ್ನು ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾಲ್ಕು ವರ್ಷಗಳ ಹಿಂದಿನ ಮಾತು. ಗಿರಣಿಯಲ್ಲಿ ಬದಲಿ ಕಾಮಗಾರರ ಹಾಜರಿಪಟ್ಟಿ ಬರೆಯುವುದು ನಮ್ಮ ಕೆಲಸ. ಸಿಂದಗಿ ಕಡೆಯಿಂದ ಬಂದ, ಮೂಟೆ ಹೊರುವ ಹುಡುಗನೊಬ್ಬನು ಆ ತಿಂಗಳು ಮೂರು ರಾತ್ರಿ ಎರಡೆರಡು ತಾಸು ಹೆಚ್ಚು ನಿಂತಿದ್ದನು. ಓವರ್‌ಟೈಮಿಗೆ ದುಪ್ಪಟ್ಟು ದರವೆಂದು ೧೯೪೮ರ ಕಾರ್ಖಾನೆ ಕಾಯಿದೆಯೇ ಗೊತ್ತುಪಡಿಸಿದ್ದು ನಮಗೆ ತಿಳಿಯದ ಮಾತಲ್ಲ. ಪಟ್ಟಿ ಮುಗಿಸಿ ಊರಿನ ಬಸ್ಸು ಹಿಡಿಯುವ ಅವಸರದಲ್ಲಿ ನಾವು ಗೇಟಿನ ಚೀಟಿಗಳನ್ನು ತಾಳೆ ನೋಡದೆ ಸಹಿ ಹಾಕಿದೆವು. ಪಗಾರವಾದ ಮೇಲೆ ಅವನು ಬಂದು, “ಸಾಹೇಬರ, ಮೂರ ರಾತ್ರಿ ನಿಂತೀನ್ರಿ, ಲೆಕ್ಕಕ್ಕ ಬಂದಿಲ್ಲರಿ” ಎಂದನು. “ಪಟ್ಟಿಯೊಳಗ ಇದ್ದದ್ದ ಲೆಕ್ಕ” ಎಂದೆವು. ಓದುಬರಹ ಬಾರದ ಹುಡುಗ, ಮಾತಾಡದೆ ಹೋದನು. ಎಂಟು ದಿನದ ಮೇಲೆ ಬೇರೊಂದು ಫೈಲಿನೊಳಗೆ ಆ ಮೂರು ಚೀಟಿಗಳು ಸಿಕ್ಕವು.

ನಮಗೆ ಮೊದಲು ಹೊಳೆದದ್ದು, ಅಷ್ಟು ಹಣವನ್ನು ನಮ್ಮ ಜೇಬಿನಿಂದ ಗುಟ್ಟಾಗಿ ಅವನ ಕೈಗೆ ಹಾಕಿಬಿಡುವುದು. ಹಾಗೆ ಮಾಡಿದರೆ ನಮ್ಮ ತಪ್ಪು ಮುಚ್ಚಿಹೋಗುತ್ತಿತ್ತು, ಮೇಲೆ ಉದಾರಿಯೆಂಬ ಹೆಸರೂ ಬರುತ್ತಿತ್ತು. ಅದೇ ರವಿವಾರ ಸಭೆಯಲ್ಲಿ ಓದಿದ ಭಾಗ ಜಕ್ಕಾಯನದು.

ಜಕ್ಕಾಯನು ಯೆರಿಕೋ ಪಟ್ಟಣದಲ್ಲಿ ರೋಮನರ ಪರವಾಗಿ ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ಹಣವಂತ, ಕುಳ್ಳ. ಯೇಸುವನ್ನು ನೋಡಲು ಅತ್ತಿಯ ಜಾತಿಯ ಮರವೊಂದನ್ನು ಹತ್ತಿದನು. ಊರೆಲ್ಲ ಹಳಿಯುತ್ತಿದ್ದ ಆ ಮನುಷ್ಯನ ಮನೆಗೇ ಯೇಸು ಅತಿಥಿಯಾಗಿ ಹೋದನು. ಆಗ ಜಕ್ಕಾಯನು ಎದ್ದುನಿಂತು, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುವೆನೆಂದೂ ಹೇಳಿದನು. ಅವನು ದಾನವನ್ನೂ ಸಾಲ ತೀರಿಸುವುದನ್ನೂ ಬೇರೆಬೇರೆಯಾಗಿ ಎಣಿಸಿದ್ದನ್ನು ಗಮನಿಸಬೇಕು. ತಪ್ಪನ್ನು ತಾನೇ ಒಪ್ಪಿಕೊಂಡವನು ಮೂಲ ಮೊತ್ತದ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಹಳೆಯ ಧರ್ಮಶಾಸ್ತ್ರದಲ್ಲಿದೆ. ನಾಲ್ಕರಷ್ಟು ಎಂಬುದು ಕುರಿಯನ್ನು ಕದ್ದು ಕೊಯ್ದವನಿಗೋ ಮಾರಿದವನಿಗೋ ಹೇಳಿದ ದಂಡ. ಜಕ್ಕಾಯನು ತನಗೆ ಹಗುರವಾದ ಲೆಕ್ಕವನ್ನು ಹಿಡಿಯಲಿಲ್ಲ.

ಸೋಮವಾರ ಚೀಟಿಗಳನ್ನು ಹಿಡಿದುಕೊಂಡು ಮೇಲಿನವರ ಎದುರು ನಿಂತೆವು. ನಾಲ್ಕು ಜನರ ಮುಂದೆ ಬೈಸಿಕೊಂಡದ್ದೂ ಆಯಿತು, ನಮ್ಮ ದಾಖಲೆಯಲ್ಲಿ ಒಂದು ಷರಾ ಬಿದ್ದದ್ದೂ ಆಯಿತು. ಮುಂದಿನ ಪಗಾರದಲ್ಲಿ ಹುಡುಗನ ಬಾಕಿ ಬಂದಿತು. ಆದರೆ ಆಗಲೇ ನಮಗೆ ಇನ್ನೊಂದು ವಿಷಯ ತಿಳಿಯಿತು. ಹಣ ಕಡಿಮೆ ಬಿದ್ದದ್ದರಿಂದ ಅವನು ತಂಗಿಯ ಶಾಲೆಯ ಖರ್ಚಿಗೆಂದು ನೂರಕ್ಕೆ ತಿಂಗಳಿಗೆ ಹತ್ತರಂತೆ ಕೈಸಾಲ ಮಾಡಿ ಊರಿಗೆ ಕಳಿಸಿದ್ದನು. ನಾಲ್ಕರಷ್ಟು ಯಾಕೆ ಎಂಬುದು ನಮಗೆ ತಿಳಿದದ್ದು ಆ ದಿನ. ತಡೆದ ಕೂಲಿಯ ನಷ್ಟ ಪಟ್ಟಿಯ ಅಂಕಿಗೆ ನಿಲ್ಲುವುದಿಲ್ಲ. ಅದು ಬಡ್ಡಿಯಾಗಿ, ಮನೆಯವರ ಕಣ್ಣೀರಾಗಿ ಬೆಳೆಯುತ್ತದೆ. ಆ ಬಡ್ಡಿಯನ್ನು ನಾವು ಕೊಡಹೋದರೆ ಅವನು ಒಲ್ಲೆನೆಂದನು. “ಇದು ದಾನ ಅಲ್ಲೋ ತಮ್ಮಾ, ನಮ್ಮ ಮ್ಯಾಲಿನ ಸಾಲ” ಎಂದ ಮೇಲೆ ತೆಗೆದುಕೊಂಡನು. ಹೋಗುವಾಗ, “ಮುಂದಿನ ತಿಂಗಳಿಂದ ಪಟ್ಟಿ ಒಮ್ಮೆ ಓದಿ ಹೇಳ್ರಿ ಸಾಹೇಬರ, ಅಷ್ಟಾದರ ಸಾಕು” ಎಂದನು.

ಅಂದಿನಿಂದ ಸಹಿ ಹಾಕುವ ಮೊದಲು ಪಟ್ಟಿಯನ್ನು ಗಟ್ಟಿಯಾಗಿ ಓದಿ, ಬದಲಿ ಕಾಮಗಾರರಿಗೆ ಕೇಳಿಸುತ್ತೇವೆ. ಅರ್ಧ ತಾಸು ಹಿಡಿಯುತ್ತದೆ. ಕೆಲವು ಸಲ ಬಸ್ಸು ತಪ್ಪುತ್ತದೆ. ಪಗಾರ ಬ್ಯಾಂಕಿಗೇ ಜಮೆಯಾಗುವ ಈ ಕಾಲದಲ್ಲಿಯೂ, ನಮ್ಮಲ್ಲಿ ತಾಸುಗಳನ್ನು ಬರೆಯುವ ಕೈ ಮನುಷ್ಯನದೇ. ಹಿರಿಯರು ಕೇಳಿದ ಆರು ದಿನಗಳಿಗೆ ನಮ್ಮ ಉತ್ತರ ಆ ಅರ್ಧ ತಾಸು. ಅದನ್ನು ಮಾಡದೆ ರವಿವಾರ ಹಾಡಲು ನಿಂತರೆ ನಮಗೇ ಸ್ವರ ಏಳುವುದಿಲ್ಲ.

ಕಡೆಯದಾಗಿ ಒಂದು ವಿನಂತಿ. ಶನಿವಾರ ಸಂಜೆ ನಾವು ವಾಚನಾಲಯದಲ್ಲಿಯೇ ಇರುತ್ತೇವೆ. ಯಾವ ಮತದವರೇ ಇರಲಿ, ಪಗಾರದ ಚೀಟಿ ಓದಲು ಬಾರದವರು, ಓದಿದರೂ ಲೆಕ್ಕ ತಿಳಿಯದವರು ಅದನ್ನು ತರಬೇಕು. ಕೂಡಿ ಕುಳಿತು ನೋಡೋಣ. ಓದು ಬಲ್ಲವರು ಪಕ್ಕದ ಖೋಲಿಯ ಒಬ್ಬರನ್ನಾದರೂ ಕರೆತಂದರೆ ನಮಗೆ ಉಪಕಾರವಾಗುವುದು.